ಫೋಮ್ ಕ್ಯಾಂಪರ್ ಟ್ರೈಲರ್‌ಗೆ ಹೊರಗಡೆ ಎಂತ ಹೊದೆಸುವುದು? ನಮ್ಮ ಮಳೆಗೆ ತಡೆಯಬೇಕು

ಕಟಪಾಡಿ ಕಾಯಿಲ್ | ಮೇ 17

ನಮಸ್ಕಾರ. ನನ್ನದು ಉಡುಪಿ ಹತ್ತಿರದ ಕಟಪಾಡಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಜನವರಿಯಿಂದ ಮೇ ತನಕ ಊಟಕ್ಕೂ ಪುರುಸೊತ್ತಿಲ್ಲ. ಬಾವಿಯಲ್ಲಿ ನೀರು ಇಳಿದ ಹಾಗೆ ಮೋಟಾರ್ ಸುಡುವುದು ಜಾಸ್ತಿ. ಮಳೆ ಹಿಡಿದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಕಳೆದ ವರ್ಷ ಹಾಗೆ ನೊಣ ಹೊಡೆಯುತ್ತಿರುವಾಗಲೇ ಈ ಹುಚ್ಚು ಹತ್ತಿದ್ದು.

ಬೊಲೆರೊ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಚಿಕ್ಕ ಕ್ಯಾಂಪರ್ ಮಾಡುತ್ತಿದ್ದೇನೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಮಲಗುವಷ್ಟು ಜಾಗ. 8 ಅಡಿ ಉದ್ದ, 5 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಕಬ್ಬಿಣದ ಚಾಸಿ ಆಗಿದೆ. ಅದರ ಮೇಲೆ 12 ಎಂಎಂ ಮರೈನ್ ಪ್ಲೈ ನೆಲ. ಗೋಡೆ, ಮಾಡು (ಚಾವಣಿ) ಎಲ್ಲ 50 ಎಂಎಂ ಎಕ್ಸ್‌ಪಿಎಸ್ ಫೋಮ್. ತಾರಸಿಗೆ ಬಿಸಿಲು ತಡೆಯಲು ಹಾಕುತ್ತಾರಲ್ಲ, ಆ ಗಟ್ಟಿ ಹಲಗೆ. ಥರ್ಮೊಕೋಲ್‌ನ ಅಣ್ಣ ಅನ್ನಿ. ಈಗ ಗೋಡೆ ನಿಂತಿದೆ. ಪಕ್ಕದ ಮನೆಯವರು ದಿನಾ ಬೆಳಿಗ್ಗೆ "ಗೂಡಂಗಡಿ ಉದ್ಘಾಟನೆ ಯಾವಾಗ?" ಎಂದು ಕೇಳುತ್ತಾರೆ.

ನನ್ನ ಪ್ರಶ್ನೆ ಹೊರಗಿನ ಹೊದಿಕೆಯದ್ದು. ಅಮೆರಿಕದ ಹವ್ಯಾಸಿಗಳು ಇಂಥದ್ದಕ್ಕೆ ಕ್ಯಾನ್ವಾಸ್ ಬಟ್ಟೆಯನ್ನು ಮರದ ಅಂಟಿನಲ್ಲಿ ಅಂಟಿಸಿ, ಮೇಲೆ ಮನೆಗೆ ಹೊಡೆಯುವ ಪೇಂಟ್ ಹೊಡೆಯುತ್ತಾರೆ. ಬಡವರ ಫೈಬರ್‌ಗ್ಲಾಸ್ ಎಂದೇ ಅದಕ್ಕೆ ಹೆಸರು. ಅಗ್ಗ, ಹಗುರ, ವಾಸನೆ ಇಲ್ಲ. ಆದರೆ ಅದು ಜೋರು ಮಳೆಯ ನಮ್ಮ ಆಟಿ ತಿಂಗಳನ್ನು ಕಳೆಯುತ್ತದಾ? ಅಲ್ಯುಮಿನಿಯಂ ತಗಡು, ಎಸಿಪಿ (ಎರಡು ತೆಳು ಅಲ್ಯುಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ ಹಲಗೆ), ಫೈಬರ್ (ಗಾಜಿನ ನಾರಿಗೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಹಚ್ಚಿದ್ದು) ಈ ಮೂರೂ ತಲೆಯಲ್ಲಿವೆ. ಗಾಳಿ ಜೋರಾದರೆ ನಮ್ಮ ಮನೆಗೆ ಮಟ್ಟು ಕಡೆಯ ಅಲೆಯ ಸದ್ದು ಕೇಳುತ್ತದೆ. ಹಾಗಾಗಿ ಉಪ್ಪುಗಾಳಿಯ ಲೆಕ್ಕವೂ ಹಿಡಿಯಬೇಕು. ಟ್ರೈಲರ್ ನಿಲ್ಲಿಸುವ ಜಾಗದ ಮೇಲೆ ತೆಂಗಿನ ಮರ ಉಂಟು. ಮಡಲು ಬೀಳುವುದು ಖಂಡಿತ. ಕಾಯಿ ಬಿದ್ದರೆ ದೇವರೇ ಗತಿ.

ಹೊದಿಕೆಗೆಂದು 40 ಸಾವಿರ ಇಟ್ಟಿದ್ದೇನೆ. ಕೆಲಸ ನನ್ನ ಕೈಯಲ್ಲೇ ಆಗಬೇಕು. ಚಾಸಿ ಸೇರಿ 400 ಕೆಜಿ ದಾಟಬಾರದು. ಒಂದು ಎಡವಟ್ಟು ಈಗಾಗಲೇ ಮಾಡಿ ಆಗಿದೆ. ಹಲಗೆ ಜೋಡಿಸಲು ಸನ್‌ಮೈಕಾ ಅಂಟಿಸುವ ಹಳದಿ ಅಂಟು ಹಚ್ಚಿದೆ. ಮರುದಿನ ನೋಡಿದರೆ ಫೋಮ್ ಇಲಿ ತಿಂದ ಹಾಗೆ ಗುಳಿ ಬಿದ್ದಿತ್ತು.

ಮಲ್ಪೆ ದಕ್ಕೆ | ಮೇ 17

ಮಾರಾಯ್ರೆ, ಮಲ್ಪೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಇದನ್ನು ಕೇಳುವುದಾ! ಒಮ್ಮೆ ದಕ್ಕೆಗೆ, ಅಂದರೆ ನಮ್ಮ ಮೀನುಗಾರಿಕೆ ಬಂದರಿಗೆ ಬನ್ನಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆಗೆ ರಜೆ. ಬೋಟೆಲ್ಲ ಕಟ್ಟಿ ಹಾಕಿರುತ್ತೇವೆ, ಬೇಕಾದಷ್ಟು ನೋಡಬಹುದು. ಸುಮ್ನೆ ಫೈಬರ್ ಹೊಡೆಯಿರಿ. ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ಎರಡು ಪದರ, ಮೇಲೆ ಜೆಲ್ ಕೋಟ್ ಎಂಬ ನುಣುಪು ಹೊರಪದರ. ನಮ್ಮ ಬೋಟಿನಲ್ಲಿ ಮೀನು, ಐಸ್ ತುಂಬಿಸುವ ಸ್ಟೋರೇಜ್ ಉಂಟಲ್ಲ, ಅದರ ಗೋಡೆಗೂ ಫೋಮ್ ಇಟ್ಟು ಮೇಲೆ ಫೈಬರ್ ಹೊಡೆದದ್ದೇ. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಬದುಕುವುದು ನಿಮ್ಮ ಗೂಡಂಗಡಿಗೆ ಸಾಕಾಗುವುದಿಲ್ಲವಾ?

ರೆಸಿನ್‌ಗೆ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಮೊದಲು ಹಾಕಿ ಚೆನ್ನಾಗಿ ಕಲಸಿ. ಆಮೇಲೆ ಹಾರ್ಡನರ್. ಎರಡನ್ನೂ ಯಾವತ್ತೂ ನೇರವಾಗಿ ಒಟ್ಟಿಗೆ ಸೇರಿಸಬೇಡಿ, ಸಿಡಿಯುತ್ತದೆ. ಇದು ತಮಾಷೆಗೆ ಹೇಳುವುದಲ್ಲ.

ಕುದ್ರೋಳಿ ಬ್ರಷ್ | ಮೇ 18

ನಾನು ಮಂಗಳೂರಿನಲ್ಲಿ ಟ್ಯಾಬ್ಲೋ ಕೆಲಸ ಮಾಡುವವನು. ದಸರಾ ಮೆರವಣಿಗೆಗೆ ಥರ್ಮೊಕೋಲ್ ಕೆತ್ತಿ ಆನೆ, ಸಿಂಹ ಮಾಡುತ್ತೇವೆ. ಅಮೆರಿಕದವರದ್ದು ಎಂದು ನೀವು ಹೇಳಿದ ವಿದ್ಯೆ ನಮ್ಮಲ್ಲೂ ಉಂಟು. ಕೋರಾ ಬಟ್ಟೆಯನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಅಂಟಿಸುವುದು, ಒಣಗಿದ ಮೇಲೆ ಬಣ್ಣ. ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಆದರೆ ನಮ್ಮ ಸಿಂಹ ಬದುಕಬೇಕಾದದ್ದು ಹತ್ತು ದಿನ. ಒಮ್ಮೆ ಮೆರವಣಿಗೆ ದಿನವೇ ಮಳೆ ಬಂತು. ಬಣ್ಣ ಸರಿಯಾಗಿ ಕೂತ ಕಡೆ ಏನೂ ಆಗಲಿಲ್ಲ. ಹೊಟ್ಟೆಯ ಅಡಿಗೆ ಯಾರಿಗೂ ಕಾಣುವುದಿಲ್ಲ ಎಂದು ಬಣ್ಣ ಹೊಡೆದಿರಲಿಲ್ಲ. ಅಲ್ಲಿಂದ ಬಟ್ಟೆ ನೀರು ಕುಡಿದು, ನೀರುದೋಸೆ ಕಾವಲಿಯಿಂದ ಏಳುವ ಹಾಗೆ ಎದ್ದು ಬಂತು. ಬಟ್ಟೆ ಅಂದರೆ ದೀಪದ ಬತ್ತಿ ಇದ್ದ ಹಾಗೆ ಅಣ್ಣಾ. ಒಂದು ತುದಿ ಒದ್ದೆಯಾದರೆ ಸಾಕು, ಉಳಿದದ್ದನ್ನು ಅದೇ ಎಳೆದುಕೊಳ್ಳುತ್ತದೆ. ಮಾಡುವುದಾದರೆ ತುದಿ, ಕಿಟಕಿ ಕೊರೆದ ಜಾಗ, ಸ್ಕ್ರೂ ತೂತು ಇವನ್ನು ನೋಡಿಕೊಳ್ಳಿ. ನಡುವಿನ ಗೋಡೆಯ ಚಿಂತೆ ಬೇಡ.

ಬೈಕಂಪಾಡಿ ಬಾಡಿ ಬಿಲ್ಡರ್ | ಮೇ 18

ಹೆಸರು ನೋಡಿ ಜಿಮ್ ಅಂದುಕೊಳ್ಳಬೇಡಿ. ಮೀನು ಸಾಗಿಸುವ ಇನ್ಸುಲೇಟೆಡ್ ಗಾಡಿಗಳ ಬಾಡಿ ಕಟ್ಟುವವನು.

ಮೊದಲನೆಯದಾಗಿ, ಮಲ್ಪೆಯವರ ಮಾತು ಕೇಳಿ ಇವತ್ತೇ ರೆಸಿನ್ ತರಬೇಡಿ. ಅವರ ಸ್ಟೋರೇಜಿನಲ್ಲಿ ಇರುವುದು ಪಫ್, ಅಂದರೆ ಪಾಲಿಯುರೆಥೇನ್. ನಮ್ಮ ಗಾಡಿಯಲ್ಲೂ ಅದೇ. ನಿಮ್ಮದು ಪಾಲಿಸ್ಟೈರೀನ್. ದೋಣಿಗೆ ಹಾಕುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ. ಅದು ನಿಮ್ಮ ಫೋಮನ್ನು ಕರಗಿಸುತ್ತದೆ. ಆ ಹಳದಿ ಅಂಟು ಮಾಡಿದ್ದೂ ಇದನ್ನೇ, ಅದರಲ್ಲಿದ್ದ ಸಾಲ್ವೆಂಟ್‌ನಿಂದ. ನಂಬಿಕೆ ಇಲ್ಲದಿದ್ದರೆ ಒಂದು ತುಂಡಿನ ಮೇಲೆ ನಾಲ್ಕು ಹನಿ ಬಿಟ್ಟು ನೋಡಿ. ನಿಮಗೆ ಬೇಕಾದದ್ದು ಎಪಾಕ್ಸಿ ಎಂಬ ಬೇರೆ ಜಾತಿಯ ರೆಸಿನ್. ಅದು ಫೋಮ್ ತಿನ್ನುವುದಿಲ್ಲ. ರೇಟು ಜಾಸ್ತಿ, ಎಂತ ಮಾಡುವುದು.

ಇನ್ನು ತೂಕ. ನಿಮ್ಮ ಅಳತೆಗೆ ನೆಲ ಬಿಟ್ಟು ಸುಮಾರು 160 ಚದರ ಅಡಿ, ಅಂದರೆ 15 ಚದರ ಮೀಟರ್. 3 ಎಂಎಂ ಎಸಿಪಿ ಹಾಕಿದರೆ ಚದರ ಮೀಟರಿಗೆ ನಾಲ್ಕು ಕೆಜಿ ಹಿಡಿದು 60 ಕೆಜಿ. 1 ಎಂಎಂ ಅಲ್ಯುಮಿನಿಯಂ 40 ಕೆಜಿ. 200 ಗ್ರಾಂ ಗ್ಲಾಸ್ ಕ್ಲಾತ್ (ಗಾಜಿನ ನಾರಿನ ಬಟ್ಟೆ) ಎರಡು ಪದರ, ಎಪಾಕ್ಸಿ ಸೇರಿ 15ರಿಂದ 18 ಕೆಜಿಯಲ್ಲಿ ಮುಗಿಯುತ್ತದೆ.

ಅಲ್ಯುಮಿನಿಯಂ ಬೇಡ ಅನ್ನಲು ಇನ್ನೊಂದು ಕಾರಣ. 8 ಅಡಿ ಶೀಟು ಬೆಳಗಿನ ಜಾವಕ್ಕೂ ಮಧ್ಯಾಹ್ನದ ಬಿಸಿಲಿಗೂ ಎರಡು ಮಿಲಿಮೀಟರ್ ಹಿಗ್ಗುತ್ತದೆ. ಪೂರ್ತಿ ಅಂಟಿಸಿದರೆ ಉಬ್ಬುತ್ತದೆ, ರಿವೆಟ್ ಹಾಕಿದರೆ ತೂತು ದೊಡ್ಡದಾಗುತ್ತದೆ. ಉಪ್ಪುಗಾಳಿಯಲ್ಲಿ ಕಬ್ಬಿಣದ ಸ್ಕ್ರೂ ಅಲ್ಯುಮಿನಿಯಂಗೆ ತಾಗಿಕೊಂಡಿದ್ದರೆ ಅಲ್ಯುಮಿನಿಯಂ ಬಿಳಿ ಹುಡಿಯಾಗಿ ಉದುರುತ್ತದೆ. ನಮ್ಮ ಗಾಡಿಗಳಲ್ಲಿ ದಿನಾ ನೋಡುತ್ತೇವೆ. ಮಡಲು ಬಿದ್ದರೆ ಅದರ ಗುರುತು ಹೋಗುವುದಿಲ್ಲ, ಹಿಂದೆ ಇರುವುದು ಮೆತ್ತನೆಯ ಫೋಮ್ ಅಲ್ವಾ.

ಕೊನೆಗೆ ಒಂದು, ನೀವು ಕೇಳದೇ ಇದ್ದದ್ದು. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ. ಹೊದಿಕೆ ಹಾಕುವ ಮೊದಲೇ ಉಡುಪಿ ಆರ್‌ಟಿಒ ಕಚೇರಿಗೆ ಹೋಗಿ ನೋಂದಣಿಗೆ ಎಂತೆಲ್ಲ ಬೇಕು ಎಂದು ಕೇಳಿ ಬನ್ನಿ. ಬಣ್ಣ ಹೊಡೆದ ಮೇಲೆ ಲೈಟು, ಮಡ್‌ಗಾರ್ಡ್ ಎಂದು ತೂತು ಕೊರೆಯುವ ಹಾಗೆ ಆಗಬಾರದು.

ಕಟಪಾಡಿ ಕಾಯಿಲ್ | ಮೇ 20

ಬೈಕಂಪಾಡಿಯವರೇ, ನೀವು ಹೇಳಿದ್ದು ನೂರಕ್ಕೆ ನೂರು. ಮಲ್ಪೆಗೆ ಹೋಗಿ ಚಹಾ ಲೋಟದಲ್ಲಿ ಸ್ವಲ್ಪ ರೆಸಿನ್ ಕೇಳಿ ತಂದೆ. ಒಂದು ತುಂಡಿನ ಮೇಲೆ ಎರಡು ಚಮಚ ಸುರಿದೆ. ಚಹಾ ಕುಡಿದು ಬರುವುದರೊಳಗೆ ಅಲ್ಲಿ ಹೊಂಡ. ಬೆರಳು ಹಾಕಿದರೆ ಒಳಗೆ ಬೆಲ್ಲದ ಪಾಕದ ಹಾಗೆ ಅಂಟಂಟು. ಮಗಳಿಗೆ ಇದು ಭಾರೀ ಖುಷಿಯಾಗಿ "ಇನ್ನೊಂದು ಮಾಡುವ ಅಪ್ಪ" ಎಂದು ಇನ್ನೂ ಮೂರು ಹೊಂಡ ಮಾಡಿಸಿದಳು.

ಮಲ್ಪೆ ದಕ್ಕೆ | ಮೇ 20

ತಪ್ಪಾಯಿತು ಮಾರಾಯ್ರೆ. ನಮಗೆ ಫೋಮ್ ಅಂದರೆ ಹಳದಿ ಪಫ್ ಒಂದೇ. ನೀವು ಹೇಳಿದ ಮೇಲೆ ನಾನೂ ಮೀನಿನ ಥರ್ಮೊಕೋಲ್ ಡಬ್ಬದ ಮೇಲೆ ಹಾಕಿ ನೋಡಿದೆ. ಡಬ್ಬ ಹೋಯಿತು. ಫೈಬರ್ ಹೊಡೆಯಲು ಕೈ ಬೇಕಾದರೆ ಹೇಳಿ. ರೆಸಿನ್ ಯಾವುದಾದರೂ ರೋಲರ್ ಹಿಡಿಯುವ ಕ್ರಮ ಒಂದೇ.

ಕುಂದಾಪ್ರದ ಹೆಣ್ಣು, ಡೆನ್ವರ್ | ಮೇ 22

ತಡವಾಗಿ ನೋಡಿದೆ. ನಾವು ಇಲ್ಲಿ ಕ್ಯಾನ್ವಾಸ್ ಹಚ್ಚಿದ ಟ್ರೈಲರ್ ಮಾಡಿ ಐದು ವರ್ಷವಾಯಿತು. ಚೆನ್ನಾಗಿಯೇ ಇದೆ, ಒಮ್ಮೆ ಮಾತ್ರ ಮೇಲಿಂದ ಪೇಂಟ್ ಹೊಡೆದೆವು. ಆದರೆ ಅದನ್ನು ನೋಡಿ ನೀವು ಹೊರಡಬೇಡಿ. ಡೆನ್ವರ್‌ನಲ್ಲಿ ಇಡೀ ವರ್ಷಕ್ಕೆ 400 ಮಿಲಿಮೀಟರ್ ಮಳೆಯೂ ಇಲ್ಲ. ನಮ್ಮ ಕುಂದಾಪುರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರ ದಾಟುತ್ತದೆ. ಇಲ್ಲಿ ಬಟ್ಟೆ ಒದ್ದೆಯಾದರೂ ಮರುದಿನ ಒಣಗುತ್ತದೆ. ಅಲ್ಲಿ ಹಗ್ಗಕ್ಕೆ ಹಾಕಿದ ಚಡ್ಡಿಯೇ ನಾಲ್ಕು ದಿನ ಒಣಗುವುದಿಲ್ಲ.

ಇನ್ನೊಂದು ವಿಷಯ. ಇಲ್ಲಿ ಜಾಸ್ತಿ ಜನ ಹಚ್ಚುವ ಟೈಟ್‌ಬಾಂಡ್ 2 ನೀರನ್ನು ಸ್ವಲ್ಪ ತಡೆಯುವ ಅಂಟು ಅಷ್ಟೇ. ಪೂರ್ತಿ ವಾಟರ್‌ಪ್ರೂಫ್ ಎಂದು ಮಾರುವುದು 3ನೇ ನಂಬರಿನದ್ದು. ಬಟ್ಟೆಯೇ ಹಾಕುವುದಾದರೆ ಈ ವ್ಯತ್ಯಾಸ ನೆನಪಿಡಿ.

ಕಟಪಾಡಿ ಕಾಯಿಲ್ | ಜೂನ್ 3

ಎಲ್ಲರಿಗೂ ಥ್ಯಾಂಕ್ಸ್. ತೀರ್ಮಾನ ಮುಂದೆ ಹಾಕಿದ್ದೇನೆ. ಪತ್ತನಾಜೆ ಕಳೆಯಿತು, ನಮ್ಮ ತುಳುನಾಡಿನಲ್ಲಿ ಅದು ಮಳೆಗಾಲ ಹತ್ತಿರ ಬಂದ ಗುರುತು, ಇನ್ನು ಅಂಗಳದಲ್ಲಿ ರೆಸಿನ್ ಕೆಲಸ ಆಗುವುದಿಲ್ಲ. ನನ್ನ ಹಣೆಬರಹ ನೋಡಿ. ಪುರುಸೊತ್ತು ಇರುವಾಗ ಮಳೆ, ಮಳೆ ಇಲ್ಲದಾಗ ಮೋಟಾರ್.

ಹಾಗಾಗಿ ಈ ಮಳೆಗಾಲವನ್ನೇ ಪರೀಕ್ಷೆಗೆ ಬಿಟ್ಟಿದ್ದೇನೆ. ಒಂದೊಂದು ಅಡಿಯ ನಾಲ್ಕು ತುಂಡು ಮಾಡಿ ಕಂಪೌಂಡ್ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಒಂದನೆಯದು ಬಟ್ಟೆ, ವಾಟರ್‌ಪ್ರೂಫ್ ಮರದ ಅಂಟು, ಮೇಲೆ ಎಕ್ಸ್‌ಟೀರಿಯರ್ ಪೇಂಟ್ ಮೂರು ಕೋಟ್, ಎಲ್ಲ ತುದಿಯೂ ಮುಚ್ಚಿದೆ. ಎರಡನೆಯದೂ ಅದೇ, ಆದರೆ ಕುದ್ರೋಳಿಯವರ ಸಿಂಹದ ಹೊಟ್ಟೆಯ ಹಾಗೆ ಒಂದು ತುದಿಗೆ ಬೇಕೆಂದೇ ಪೇಂಟ್ ಹೊಡೆದಿಲ್ಲ. ಮೂರನೆಯದು ಗ್ಲಾಸ್ ಕ್ಲಾತ್ ಒಂದು ಪದರ, ಎಪಾಕ್ಸಿ, ಪೇಂಟ್ ಇಲ್ಲ. ನಾಲ್ಕನೆಯದಕ್ಕೆ ಅಲ್ಯುಮಿನಿಯಂ ತಗಡನ್ನು ಪಿಯು (ಪಾಲಿಯುರೆಥೇನ್) ಸೀಲಂಟ್‌ನಲ್ಲಿ ಅಂಟಿಸಿ, ನಾಲ್ಕು ಮೂಲೆಗೆ ಸಾದಾ ಕಬ್ಬಿಣದ ಸ್ಕ್ರೂ.

ತಾಮ್ರದ ತಂತಿ ತೂಗುವ ಗ್ರಾಂ ತಕ್ಕಡಿ ಅಂಗಡಿಯಲ್ಲೇ ಉಂಟು. ಎಲ್ಲವನ್ನೂ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಮಳೆ ನಿಂತ ಮೇಲೆ ಮತ್ತೆ ತೂಗುತ್ತೇನೆ.

ಬೈಕಂಪಾಡಿ ಬಾಡಿ ಬಿಲ್ಡರ್ | ಜೂನ್ 4

ಒಳ್ಳೆಯದಾಯಿತು. ಮೂರನೆಯದಕ್ಕೆ ಒಂದು ಸ್ಕ್ರೂ ಹಾಕಿಡಿ. ನೀರು ಒಳಗೆ ಹೋಗುವುದು ಯಾವಾಗಲೂ ಅಲ್ಲಿಂದಲೇ.

ಕಟಪಾಡಿ ಕಾಯಿಲ್ | ಅಕ್ಟೋಬರ್ 5

ಫಲಿತಾಂಶ ಬಂತು. ಒರೆಸಿ, ಒಂದು ರಾತ್ರಿ ಫ್ಯಾನ್ ಕೆಳಗೆ ಇಟ್ಟು ತೂಗಿದ್ದು.

ಒಂದನೆಯ ತುಂಡು 318 ಗ್ರಾಂ ಇದ್ದದ್ದು 325. ಪರವಾಗಿಲ್ಲ ಅನ್ನಬಹುದು, ಆದರೆ ಉತ್ತರದ ಮಗ್ಗುಲಲ್ಲಿ ಹಸಿರು ಪಾಚಿ ಕೂತಿದೆ. ಎರಡನೆಯದು 311ರಿಂದ 369. ಹಿಂಡಿದರೆ ನೀರು ಬರುತ್ತದೆ. ತೆರೆದಿಟ್ಟ ತುದಿಯಿಂದ ಐದು ಇಂಚು ಬಟ್ಟೆ ಎದ್ದಿದೆ, ಅಡಿಯಲ್ಲಿ ಕಪ್ಪು ಬೂಸ್ಟು. ಫೋಮ್ ಮಾತ್ರ ಒಣಗಿಯೇ ಇದೆ, ಅದು ನೀರು ಕುಡಿಯುವ ಜಾತಿಯಲ್ಲ. ಕುಡಿದದ್ದೆಲ್ಲ ಬಟ್ಟೆ. ನನಗೆ ಹೆದರಿಕೆಯಾದದ್ದು ಇಲ್ಲಿ. ಮೇಲಿನ ಪೇಂಟ್ ಎದುರಿನಿಂದ ಹೊಸದರ ಹಾಗೇ ಇತ್ತು. ಗಾಡಿಯಲ್ಲಿ ಹೀಗಾದರೆ ನನಗೆ ಗೊತ್ತಾಗುವುದು ಯಾವಾಗ?

ಮೂರನೆಯದು 262ರಿಂದ 263. ಬಣ್ಣ ಸ್ವಲ್ಪ ಹಳದಿಗೆ ತಿರುಗಿದೆ ಅಷ್ಟೇ. ಆದರೆ ಬೈಕಂಪಾಡಿಯವರು ಹಾಕಿಸಿದ ಸ್ಕ್ರೂ ಎರಡು ಬೆರಳಲ್ಲಿ ತಿರುಗಿಸಿದರೆ ಕೈಗೆ ಬಂತು. ಫೋಮಿಗೆ ಹಿಡಿತವೇ ಇಲ್ಲ.

ನಾಲ್ಕನೆಯದು ತೂಗಲಿಲ್ಲ. ಆಗಸ್ಟಿನಲ್ಲಿ ಅದರ ಮೇಲೆ ಮಡಲು ಬಿದ್ದು ತಗಡು ಒಂದು ಕಡೆ ತಗ್ಗಿದೆ. ಸ್ಕ್ರೂ ಸುತ್ತ ಬಿಳಿ ಹುಡಿ, ನಡುವೆ ತುಕ್ಕು. ಮಡಲು ಬೀಳುವುದಕ್ಕೆ ನಾಲ್ಕನೆಯದನ್ನೇ ಆರಿಸಿದ್ದು ಅದರ ದುರದೃಷ್ಟ, ಉಳಿದವು ಬಚಾವ್. ಸರಿಯಾಗಬೇಕೆಂದು ಆಮೇಲೆ ಅದೇ ಮಡಲನ್ನು ಮೂರನೆಯ ತುಂಡಿನ ಮೇಲೆ ಮಾಡಿನಿಂದ ನಾನೇ ಬೀಳಿಸಿದೆ. ಒಂದು ಬಿಳಿ ಗೆರೆ ಬಂತು, ಒಡೆಯಲಿಲ್ಲ.

ಆದ್ದರಿಂದ ಎಪಾಕ್ಸಿ, ಗ್ಲಾಸ್ ಕ್ಲಾತ್. ಮಾಡಿಗೂ ಮುಂದಿನ ಗೋಡೆಗೂ ಎರಡು ಪದರ ಖಂಡಿತ. ಬದಿಗೆ ಒಂದು ಸಾಕಾ?

ಬೈಕಂಪಾಡಿ ಬಾಡಿ ಬಿಲ್ಡರ್ | ಅಕ್ಟೋಬರ್ 6

ಬದಿಯ ಮೇಲ್ಭಾಗಕ್ಕೆ ಒಂದು ಸಾಕು. ಕೆಳಗಿನ ಒಂದೂವರೆ ಅಡಿಗೆ ಎರಡು ಹಾಕಿ, ಚಕ್ರದಿಂದ ಕಲ್ಲು ಹಾರುವುದು ಅಲ್ಲಿಗೆ.

ಸ್ಕ್ರೂ ಬರುವ ಕಡೆಯೆಲ್ಲ ಫೋಮ್ ಕೆತ್ತಿ ತೆಗೆದು ಮರದ ತುಂಡು ಕೂರಿಸಿ. ಬಾಗಿಲಿನ ಹಿಂಜಿಗೆ, ಕಿಟಕಿಯ ಚೌಕಟ್ಟಿಗೆ, ಲೈಟಿಗೆ. ಆ ಮರಕ್ಕೆ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು ಎಪಾಕ್ಸಿ ತುಂಬಿಸಿ. ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ. ಆಗ ಸ್ಕ್ರೂವಿನ ದಾರಿಯಲ್ಲಿ ನೀರು ಬಂದರೂ ಮರಕ್ಕೆ ತಾಗುವುದಿಲ್ಲ.

ಮೂಲೆಗಳನ್ನು ಹೆಬ್ಬೆರಳಿನ ತುದಿಯಷ್ಟಾದರೂ ಉರುಟು ಮಾಡಿ. ಚೂಪು ಮೂಲೆಯಲ್ಲಿ ಗ್ಲಾಸ್ ಕ್ಲಾತ್ ಕೂರುವುದಿಲ್ಲ, ಎದ್ದು ಗಾಳಿ ನಿಲ್ಲುತ್ತದೆ. ಫೋಮಿನ ಮೇಲಿರುವ ನುಣುಪು ಪದರವನ್ನು 80 ನಂಬರಿನ ಪಾಲಿಶ್ ಪೇಪರಿನಲ್ಲಿ ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ರೆಸಿನ್‌ಗೆ ಹಿಡಿಯಲು ಏನೂ ಇರುವುದಿಲ್ಲ.

ಮಲ್ಪೆ ದಕ್ಕೆ | ಅಕ್ಟೋಬರ್ 6

ಬೆಳಿಗ್ಗೆ ಹಚ್ಚಬೇಡಿ. ಬಿಸಿಲು ಏರುವಾಗ ಒಳಗಿನ ಗಾಳಿ ಹಿಗ್ಗಿ ರೆಸಿನ್‌ನಲ್ಲಿ ಗುಳ್ಳೆ ಬರುತ್ತದೆ. ಮಧ್ಯಾಹ್ನ ಮೂರರ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ ಶುರು ಮಾಡಿ. ನೆರಳು ಬೇಕು, ಮೇಲೆ ಟರ್ಪಾಲು ಕಟ್ಟಿ. ಬಕೆಟಿನಲ್ಲಿ ಜಾಸ್ತಿ ಕಲಸಿಟ್ಟರೆ ತಾನೇ ಬಿಸಿಯಾಗಿ ಹೊಗೆ ಬರುತ್ತದೆ. ಅಗಲ ತಟ್ಟೆಗೆ ಸುರಿದುಕೊಳ್ಳಿ. ಫುಲ್ ಕೈ ಅಂಗಿ ಹಾಕಿ. ಗ್ಲಾಸಿನ ತುರಿಕೆ ಎಂತದ್ದು ಎಂದು ನಿಮಗೆ ಆ ರಾತ್ರಿ ಗೊತ್ತಾಗುತ್ತದೆ.

ಕಟಪಾಡಿ ಕಾಯಿಲ್ | ನವೆಂಬರ್ 29

ದೀಪಾವಳಿ ಕಳೆದ ಮೇಲೆ ಮೂರು ಶನಿವಾರ, ಮೂರು ಭಾನುವಾರ ಹಿಡಿಯಿತು. ಮಲ್ಪೆಯವರು ಎರಡು ದಿನ ಬಂದು ಮಾಡಿನ ಕೆಲಸ ಪೂರ್ತಿ ಮಾಡಿಕೊಟ್ಟರು, ಊಟ ಬಿಟ್ಟು ಬೇರೆ ಏನೂ ತೆಗೆದುಕೊಳ್ಳಲಿಲ್ಲ. ನಾನು ತಂದ ಎಪಾಕ್ಸಿಗೆ ತೂಕದಲ್ಲಿ 100ಕ್ಕೆ 10 ಹಾರ್ಡನರ್. ತಾಮ್ರದ ತಕ್ಕಡಿ ಅಲ್ಲೂ ಕೆಲಸಕ್ಕೆ ಬಂತು. ಒಂದು ಸಲ ಮಾತ್ರ ಮಾತಾಡುತ್ತಾ ಕಣ್ಣಂದಾಜಿಗೆ ಸುರಿದೆ. ಎಡ ಬದಿಯಲ್ಲಿ ಅಂಗೈಯಗಲ ಜಾಗ ಮೂರು ದಿನವಾದರೂ ಅಂಟುತ್ತಿತ್ತು. ಕೆರೆದು ತೆಗೆದು ಮತ್ತೆ ಹಚ್ಚಿದೆ. ಇನ್ನೊಂದು, ಮೋಡದ ದಿನ ಹಚ್ಚಿದ ಕಡೆ ಬೆಳಿಗ್ಗೆ ಮೇಣದ ಹಾಗೆ ಜಿಡ್ಡು ಬಂದಿತ್ತು. ಬಿಸಿ ನೀರಿನ ಬಟ್ಟೆಯಲ್ಲಿ ಒರೆಸಿ, ಉಜ್ಜಿಯೇ ಮುಂದಿನ ಕೋಟ್ ಹಾಕಿದೆ. ಒರೆಸದೆ ಹಾಕಿದ್ದರೆ ಮೇಲಿನದು ಸಿಪ್ಪೆಯ ಹಾಗೆ ಏಳುತ್ತಿತ್ತಂತೆ.

ಒಟ್ಟು ಖರ್ಚು 40 ದಾಟಿ 46ಕ್ಕೆ ನಿಂತಿತು. ಬಟ್ಟೆ ಕ್ರಮ ಪೂರ್ತಿ ಬಿಟ್ಟಿಲ್ಲ, ಒಳಗಿನ ಗೋಡೆಗೆ ಕುದ್ರೋಳಿಯವರ ಕೋರಾ ಬಟ್ಟೆಯೇ. ಅಲ್ಲಿ ಮಳೆ ಇಲ್ಲವಲ್ಲ.

ಬಣ್ಣದ್ದೇ ಮನೆಯಲ್ಲಿ ದೊಡ್ಡ ಜಗಳ. ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ, ಮೇಲೆ ಪಿಯು ಪೇಂಟ್ ಬೇಕೇ ಬೇಕು. ಮಗಳಿಗೆ ಕಡು ನೀಲಿ ಬೇಕಿತ್ತು. ಎಕ್ಸ್‌ಪಿಎಸ್ ತಡೆಯುವುದು 75 ಡಿಗ್ರಿ ತನಕ. ಕಡು ಬಣ್ಣದ ಮಾಡು ಏಪ್ರಿಲ್ ಬಿಸಿಲಲ್ಲಿ ಅದರ ಹತ್ತಿರಕ್ಕೆ ಹೋಗುತ್ತದೆ ಎಂದು ಹೇಳಿದರೆ ಅವಳು ನಂಬಲಿಲ್ಲ. ಒಂದು ತುಂಡಿಗೆ ನೀಲಿ, ಒಂದಕ್ಕೆ ಬಿಳಿ ಹೊಡೆದು ಮಧ್ಯಾಹ್ನ ಬಿಸಿಲಿಗಿಟ್ಟು ಕೈ ಇಟ್ಟು ನೋಡಲು ಹೇಳಿದೆ. ನೀಲಿಯಿಂದ ಕೈ ಎಳೆದುಕೊಂಡಳು. ಈಗ ಮಾಡು, ಗೋಡೆ ಬಿಳಿ. ಕೆಳಗೆ ಎರಡು ಪದರ ಇರುವ ಒಂದೂವರೆ ಅಡಿಗೆ ಮಾತ್ರ ಅವಳ ನೀಲಿ.

ಪಕ್ಕದ ಮನೆಯವರು ನಿನ್ನೆ ಬಂದು ಸುತ್ತ ಒಂದು ಸುತ್ತು ಹಾಕಿ, ಗೋಡೆಗೆ ಎರಡು ಸಲ ಕುಟ್ಟಿ ನೋಡಿದರು. "ಒಂದು ಚಹಾ ಕೊಡಿ" ಎಂದು ಕಿಟಕಿಯ ತೂತಿನ ಎದುರು ನಿಂತರು.

ಕುಂದಾಪ್ರದ ಹೆಣ್ಣು, ಡೆನ್ವರ್ | ನವೆಂಬರ್ 30

ಚಹಾ ಕೊಟ್ಟಿರಾ? ಕಿಟಕಿ ಯಾವುದು ಹಾಕುತ್ತೀರಿ?

ಕಟಪಾಡಿ ಕಾಯಿಲ್ | ನವೆಂಬರ್ 30

ಕೊಟ್ಟೆ, ಎರಡು ನೀರುಳ್ಳಿ ಬಜೆಯೂ ಕೊಟ್ಟೆ. ಕಿಟಕಿಗೆ ಹಳೆಯ ಬಸ್ಸಿನ ಜಾರುವ ಗಾಜಿನ ಫ್ರೇಮ್ ಎರಡು ಗುಜರಿಯಲ್ಲಿ ನೋಡಿಟ್ಟಿದ್ದೇನೆ. ಅದರ ರಬ್ಬರ್ ಬೀಡಿಂಗ್ ಹೊಸದು ಎಲ್ಲಿ ಸಿಗುತ್ತದೆ, ಬೈಕಂಪಾಡಿಯವರೇ?